ಪಣಕ್ಕಿಟ್ಟ ಹಣ ಯಾರದು?

ಬೈಲಹೊಂಗಲದ ಪೇಟೆಗೆ ಬಂದು ಹತ್ತಿಯ ದರ ವಿಚಾರಿಸದ ರೈತನಿಲ್ಲ. ಪೇಟೆ ಯಾವ ದರಕ್ಕೆ ತೆರೆಯಿತು, ಯಾವ ದರಕ್ಕೆ ಮುಚ್ಚಿತು ಎಂಬುದರ ಮೇಲೆ ಅವನ ವರ್ಷದ ದುಡಿಮೆಯ ಫಲ ನಿಂತಿರುತ್ತದೆ. ಚಹಾದಂಗಡಿಯ ಮೂಲೆಯಲ್ಲಿ, ಬಸ್ ನಿಲ್ದಾಣದ ಹಿಂಬದಿಯಲ್ಲಿ ಗುಟ್ಟಾಗಿ ಚೀಟಿ ಬರೆಸುವ 'ಓ.ಸಿ.' ಎಂಬ ಜೂಜು ಸಹ ಇದೇ ಹತ್ತಿಯ ದರದಿಂದಲೇ ಹುಟ್ಟಿತೆಂಬುದು ಹಲವರಿಗೆ ತಿಳಿಯದು. 'ಓಪನ್' ಮತ್ತು 'ಕ್ಲೋಸ್' ಎಂಬ ಎರಡು ಶಬ್ದಗಳ ಮೊದಲಕ್ಷರಗಳೇ ಆ ಹೆಸರು. ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದಿಂದ ಮುಂಬಯಿಗೆ ಟೆಲಿಪ್ರಿಂಟರ್ ಮೂಲಕ ಬರುತ್ತಿದ್ದ ಆರಂಭದ ಹಾಗೂ ಮುಕ್ತಾಯದ ದರಗಳ ಮೇಲೆ ಜನರು ಪಣ ಕಟ್ಟುತ್ತಿದ್ದರು. 1961ರಲ್ಲಿ ಆ ದರಗಳು ಬರುವುದು ನಿಂತಿತು. ಜೂಜು ಮಾತ್ರ ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣಜಿ ಭಗತ್, 1964ರಲ್ಲಿ ರತನ್ ಖತ್ರಿ ಎಂಬವರು ಮುಂಬಯಿಯಲ್ಲಿ ತಮ್ಮದೇ ಅಂಕಿಗಳನ್ನು ತೆಗೆಯತೊಡಗಿದರು. ಚೀಟಿಗಳನ್ನು ಮಣ್ಣಿನ ಗಡಿಗೆಯಲ್ಲಿ, ಅಂದರೆ ಮಟಕೆಯಲ್ಲಿ, ಹಾಕಿ ತೆಗೆಯುತ್ತಿದ್ದುದರಿಂದ 'ಮಟಕಾ' ಎಂಬ ಹೆಸರು ಬಂದಿತು. ಮುಂದೆ ಗಡಿಗೆಯ ಸ್ಥಾನಕ್ಕೆ ಇಸ್ಪೀಟಿನ ಎಲೆಗಳು ಬಂದವು.

ಹತ್ತಿ ಹೋಯಿತು, ಗಡಿಗೆ ಹೋಯಿತು, ಪಣ ಉಳಿಯಿತು. ರೈತನು ದರವನ್ನು ನೋಡುವುದು ತಾನು ಬೆಳೆದದ್ದನ್ನು ಮಾರುವುದಕ್ಕೆ. ಜೂಜುಗಾರನು ನೋಡುವುದು ಬೆಳೆಯದೆ ಪಡೆಯುವುದಕ್ಕೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಥೋಲಿಕ ಕುಟುಂಬಗಳೂ ಈ ವ್ಯಸನದಿಂದ ದೂರ ಉಳಿದಿವೆಯೆಂದು ಹೇಳುವ ಧೈರ್ಯ ನನಗಿಲ್ಲ. ಆದುದರಿಂದ ಈ ವಾರ ಒಂದೇ ಒಂದು ಪ್ರಶ್ನೆಯನ್ನು ಓದುಗರ ಮುಂದಿಡಬಯಸುತ್ತೇನೆ: ಪಣಕ್ಕಿಟ್ಟ ಹಣ ಯಾರದು?

ನೂರು ಮನೆಗಳ ಲೆಕ್ಕ

ಮಟಕಾದ ಕ್ರಮ ಸರಳವಾದುದು. ಮೂರು ಎಲೆಗಳನ್ನು ತೆಗೆದು ಅವುಗಳ ಅಂಕಿಗಳನ್ನು ಕೂಡಿಸುತ್ತಾರೆ. ಮೊತ್ತದ ಕೊನೆಯ ಅಂಕಿಯೇ 'ಓಪನ್'. ಮೂರು, ಆರು, ಒಂಬತ್ತು ಬಂದರೆ ಮೊತ್ತ 18, ಓಪನ್ 8. ಕೆಲವು ಹೊತ್ತಿನ ನಂತರ ಇದೇ ರೀತಿ 'ಕ್ಲೋಸ್' ತೆಗೆಯುತ್ತಾರೆ. ಎರಡೂ ಸೇರಿದರೆ 00ಯಿಂದ 99ರವರೆಗಿನ ಒಂದು ಜೋಡಿ. ಅಂತಹ ಜೋಡಿಗಳು ನೂರು. ಒಂದು ರೂಪಾಯಿ ಕಟ್ಟಿ ಗೆದ್ದವನಿಗೆ ನಮ್ಮ ಕಡೆ ಎಂಬತ್ತು ರೂಪಾಯಿ ಕೊಡುವುದಾಗಿ ಹೇಳುತ್ತಾರೆ.

ಒಂದು ಊರಿನ ನೂರು ಮನೆಗಳನ್ನು ಊಹಿಸಿಕೊಳ್ಳಿ. ಪ್ರತಿ ಮನೆಯವನೂ ಹತ್ತು ರೂಪಾಯಿಯಂತೆ ಬೇರೆ ಬೇರೆ ಜೋಡಿಯ ಮೇಲೆ ಕಟ್ಟುತ್ತಾನೆ. ಊರಿನಿಂದ ಹೊರಟದ್ದು ಸಾವಿರ ರೂಪಾಯಿ. ಗೆದ್ದ ಒಬ್ಬನಿಗೆ ದೊರೆತದ್ದು ಎಂಟುನೂರು. ಉಳಿದ ಇನ್ನೂರು ಚೀಟಿ ಬರೆಯುವವನ ಕೈ ದಾಟಿ ಊರ ಹೊರಗೆ ಹೋಯಿತು. ಗೆದ್ದವನ ಮನೆಯಲ್ಲಿ ಅಂದು ಕೋಳಿ ಸಾರು, ಊರಿಗೆಲ್ಲ ಅವನದೇ ಸುದ್ದಿ. ಸೋತ ತೊಂಬತ್ತೊಂಬತ್ತು ಮನೆಗಳ ಸುದ್ದಿಯನ್ನು ಯಾರೂ ಹೇಳುವುದಿಲ್ಲ. ಬಂದ ಎಂಟುನೂರೂ ಮರುದಿನ ಪುನಃ ಆಟಕ್ಕೇ ಹೋಗುತ್ತದೆಂದು ಇಟ್ಟುಕೊಂಡರೆ, ಎರಡನೆಯ ಸುತ್ತಿಗೆ ಉಳಿಯುವುದು 640, ಮೂರನೆಯದಕ್ಕೆ 512, ಹತ್ತನೆಯ ಸುತ್ತಿನ ಕೊನೆಗೆ ಊರಿನಲ್ಲಿ ಉಳಿಯುವುದು ಕೇವಲ 107 ರೂಪಾಯಿ. ಇದರಲ್ಲಿ ಯಾರ ಮೋಸವೂ ಇಲ್ಲವೆಂದು ಭಾವಿಸಿ ಹೇಳಿದ ಲೆಕ್ಕವಿದು. ಅಂಕಿ ತೆಗೆಯುವವನು ಹೆಚ್ಚು ಹಣ ಬಿದ್ದ ಜೋಡಿಯನ್ನು ತಪ್ಪಿಸಿದರೆ ಕೇಳುವವರು ಯಾರು?

ಆದ್ದರಿಂದ ಈ ಆಟದಲ್ಲಿ ಅದೃಷ್ಟವೆಂಬುದು ಆಡುವವನಿಗೆ ಮಾತ್ರ; ಆಡಿಸುವವನಿಗೆ ಅದೃಷ್ಟದ ಅಗತ್ಯವೇ ಇಲ್ಲ. ಅವನಿಗೆ ಲೆಕ್ಕ ಸಾಕು.

ಒಳಗೋ ಹೊರಗೋ

ಇಸ್ಪೀಟಿನ ಜೂಜುಗಳಲ್ಲಿ ನಮ್ಮ ನಾಡಿನದೇ ಎನ್ನಬಹುದಾದುದು 'ಅಂದರ್ ಬಾಹರ್'. ಕಲಿಯಲು ಎರಡು ನಿಮಿಷ ಸಾಕು. ಒಂದು ಎಲೆಯನ್ನು ತೆರೆದಿಡುತ್ತಾರೆ. ಆಮೇಲೆ ಒಳಗೊಂದು ಹೊರಗೊಂದು ಎಲೆ ಹಾಕುತ್ತ ಹೋಗುತ್ತಾರೆ. ತೆರೆದ ಎಲೆಗೆ ಸಮನಾದ ಎಲೆ ಯಾವ ಬದಿಗೆ ಮೊದಲು ಬೀಳುವುದೋ ಆ ಬದಿ ಗೆದ್ದಿತು. ನೋಡುವವರಿಗೆ ಇದು ಸಮಸಮವಾದ ಆಟವೆಂದೇ ತೋರುತ್ತದೆ. ನಿಜದಲ್ಲಿ ಎಲೆ ಮೊದಲು ಬೀಳುವ ಬದಿಗೆ ನೂರಕ್ಕೆ ಸುಮಾರು 51.5 ಸಲ ಗೆಲುವು. ಕ್ಯಾಸಿನೊಗಳು ಅದನ್ನು ಬಲ್ಲವು. ಆದುದರಿಂದ ಆ ಬದಿಯಲ್ಲಿ ನೂರು ರೂಪಾಯಿ ಕಟ್ಟಿ ಗೆದ್ದವನಿಗೆ ಸಾಮಾನ್ಯವಾಗಿ ತೊಂಬತ್ತೇ ಕೊಡುತ್ತವೆ. ಮತ್ತೊಂದು ಬದಿಗೆ ಮಾತ್ರ ಪೂರ್ತಿ ನೂರು. ಹೀಗೆ ಒಂದು ಕಡೆ ನೂರಕ್ಕೆ ಎರಡು ರೂಪಾಯಿಗಿಂತ ತುಸು ಹೆಚ್ಚು, ಇನ್ನೊಂದು ಕಡೆ ಮೂರು ರೂಪಾಯಿ ಪ್ರತಿ ಆಟದಲ್ಲೂ ಸರಾಸರಿಯಾಗಿ ಆಡಿಸುವವನಿಗೆ ಸಲ್ಲುತ್ತದೆ. ಮೂರು ರೂಪಾಯಿ ಏನು ಮಹಾ ಎನ್ನಬೇಡಿ. ಒಂದು ಆಟಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ. ನೂರು ರೂಪಾಯಿಯಂತೆ ನೂರು ಆಟ ಆಡುವಷ್ಟರಲ್ಲಿ ಹತ್ತು ಸಾವಿರ ರೂಪಾಯಿ ಪಣದ ಮೇಲೆ ಓಡಾಡಿರುತ್ತದೆ.

"ಏಳು ಸಲ ಒಳಗೇ ಬಂತು, ಇನ್ನು ಹೊರಗೆ ಬರಲೇಬೇಕು" ಎಂಬುದು ಜೂಜುಕಟ್ಟೆಯ ತರ್ಕ. ಪ್ರತಿ ಆಟಕ್ಕೂ ಹೊಸದಾಗಿ ಕಲಸಿದ ಎಲೆಗಳಿಗೆ ಹಿಂದಿನ ಆಟದ ನೆನಪಿರುವುದಿಲ್ಲ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಕ್ಯಾಸಿನೊದ ತಿರುಗುಚಕ್ರದಲ್ಲಿ ಗೋಲಿಯು ಸತತವಾಗಿ 26 ಸಲ ಕಪ್ಪು ಮನೆಯಲ್ಲೇ ನಿಂತಿತು. ಇನ್ನು ಕೆಂಪು ಬರಲೇಬೇಕೆಂದು ಪಣ ಏರಿಸುತ್ತ ಹೋದವರು ಅಂದು ಅಪಾರ ಹಣ ಕಳೆದುಕೊಂಡರು. ಓದಿದವರೂ ಧನಿಕರೂ ಅವರಲ್ಲಿದ್ದರು. ವಿದ್ಯೆಯಿಂದ ಈ ಭ್ರಮೆ ಹೋಗುವುದಿಲ್ಲ.

ಪಂದ್ಯದ ಮೇಲಿನ ಪಣ

ಯುವಕರು ಇನ್ನೊಂದು ವಾದ ಮಂಡಿಸುತ್ತಾರೆ. "ಮಟಕಾ ಕುರುಡಾಟ, ಪಂದ್ಯದ ಮೇಲಿನ ಪಣ ಹಾಗಲ್ಲ. ನಮಗೆ ಆಟ ಗೊತ್ತು, ಆಟಗಾರರು ಗೊತ್ತು." ಈ ವಾದವನ್ನು ಪರೀಕ್ಷಿಸಲು ದೂರದ ಒಂದು ನಿದರ್ಶನವನ್ನೂ ಸಮೀಪದ ಒಂದು ನಿದರ್ಶನವನ್ನೂ ನೋಡೋಣ.

ಅಮೆರಿಕದಲ್ಲಿ ಕಾಲೇಜುಗಳ ಬಾಸ್ಕೆಟ್‌ಬಾಲ್ ಪಂದ್ಯಗಳಿಗೆ ನಮ್ಮಲ್ಲಿ ಕ್ರಿಕೆಟ್ಟಿಗಿರುವಂತಹ ಮರುಳು ಇದೆ. ಅಲ್ಲಿ ಯಾವ ತಂಡ ಗೆಲ್ಲುವುದೆಂಬುದರ ಮೇಲೆ ಮಾತ್ರವಲ್ಲ, ಎಷ್ಟು ಅಂಕಗಳ ಅಂತರದಿಂದ ಗೆಲ್ಲುವುದೆಂಬುದರ ಮೇಲೂ ಪಣ ಕಟ್ಟುತ್ತಾರೆ. ಇದರಲ್ಲೊಂದು ಕುಟಿಲ ದಾರಿ ಅಡಗಿದೆ. ಆಟಗಾರನು ಸೋಲಬೇಕಾಗಿಲ್ಲ, ಹತ್ತು ಅಂಕಗಳಿಂದ ಗೆಲ್ಲಬೇಕಾದಲ್ಲಿ ಐದರಿಂದ ಗೆದ್ದರೆ ಸಾಕು, ಅವನಿಗೆ ಹಣ ಸಿಗುತ್ತದೆ. ತಂಡವೂ ಗೆದ್ದಿತು, ಜೇಬೂ ತುಂಬಿತು, ಯಾರಿಗೆ ನಷ್ಟ? ಈ ಮಾತಿಗೆ ಮರುಳಾಗಿ ನ್ಯೂಯಾರ್ಕಿನ ಸಿಟಿ ಕಾಲೇಜಿನ ಆಟಗಾರರು 1951ರಲ್ಲಿ ಸಿಕ್ಕಿಬಿದ್ದರು. ಹಿಂದಿನ ವರ್ಷವಷ್ಟೇ ಅವರ ತಂಡ ರಾಷ್ಟ್ರಮಟ್ಟದ ಎರಡು ಪ್ರಶಸ್ತಿಗಳನ್ನು ಗೆದ್ದಿತ್ತು. 1978-79ರಲ್ಲಿ ಇದೇ ಕೃತ್ಯ ಬಾಸ್ಟನ್ ಕಾಲೇಜಿನಲ್ಲಿ ನಡೆಯಿತು. ಅದು ಯೇಸುಸಭೆಯ ಗುರುಗಳು 1863ರಲ್ಲಿ ಸ್ಥಾಪಿಸಿದ ಕಥೋಲಿಕ ವಿದ್ಯಾಸಂಸ್ಥೆ. ಒಬ್ಬ ಆಟಗಾರನಿಗೆ ಹತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು. ಕಥೋಲಿಕ ಕಾಲೇಜಿನ ಗೋಡೆಯೂ ಜೂಜನ್ನು ತಡೆಯಲಿಲ್ಲ ಎಂಬುದನ್ನು ನಾವು ವಿನಯದಿಂದ ನೆನಪಿಡಬೇಕು. ಹೀಗಿದ್ದೂ 2018ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಕ್ರೀಡಾ ಜೂಜಿನ ಮೇಲಿದ್ದ ಕೇಂದ್ರ ಶಾಸನವನ್ನು ರದ್ದುಗೊಳಿಸಿತು. ಆ ನಂತರ ರಾಜ್ಯದಿಂದ ರಾಜ್ಯಕ್ಕೆ ಅದು ಕಾನೂನುಬದ್ಧ ವ್ಯಾಪಾರವಾಗಿ ಹಬ್ಬಿತು.

ಇನ್ನು ಸಮೀಪದ ನಿದರ್ಶನ. 2019ರ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್ಟಿನಲ್ಲಿ ನಮ್ಮ ಜಿಲ್ಲೆಯ ಹೆಸರು ಹೊತ್ತ ಬೆಳಗಾವಿ ಪ್ಯಾಂಥರ್ಸ್ ತಂಡದ ಮಾಲೀಕನನ್ನು ಬೆಟ್ಟಿಂಗ್ ಆರೋಪದ ಮೇಲೆ ಬೆಂಗಳೂರಿನ ಪೊಲೀಸರು ಬಂಧಿಸಿದರು. ಅಂತಿಮ ಪಂದ್ಯದಲ್ಲಿ ಹಣಕ್ಕಾಗಿ ನಿಧಾನವಾಗಿ ಆಡಿದರೆಂಬ ಆರೋಪದ ಮೇಲೆ ಬಳ್ಳಾರಿ ತಂಡದ ಇಬ್ಬರು ಆಟಗಾರರೂ ಬಂಧಿತರಾದರು. ಪಂದ್ಯವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಅಪ್ರಾಮಾಣಿಕತೆಯೆನಿಸಬಹುದಾದರೂ ದಂಡಸಂಹಿತೆಯ ವಂಚನೆಯ ಕಲಮಿನಡಿ ಬರುವುದಿಲ್ಲವೆಂದು ರಾಜ್ಯ ಹೈಕೋರ್ಟು 2022ರ ಜನವರಿಯಲ್ಲಿ ಮೊಕದ್ದಮೆಯನ್ನು ರದ್ದುಗೊಳಿಸಿತು. ಯಾರನ್ನೂ ತಪ್ಪಿತಸ್ಥರೆಂದು ಹೆಸರಿಸುವುದು ನನ್ನ ಉದ್ದೇಶವಲ್ಲ. ನನ್ನ ಪ್ರಶ್ನೆ ಪಣ ಕಟ್ಟುವ ಯುವಕನಿಗೆ: ನೀನು ಆಟ ಬಲ್ಲೆ, ಸರಿ, ಆಟದ ಹಿಂದೆ ನಡೆಯುವುದನ್ನು ಬಲ್ಲೆಯಾ? ಬಲ್ಲವರು ಪಣದ ಆಚೆ ಬದಿಯಲ್ಲಿ ಕುಳಿತಿರುತ್ತಾರೆ.

ಧರ್ಮಸಭೆ ಏನೆನ್ನುತ್ತದೆ?

"ಫಾದರ್, ಇಸ್ಪೀಟು ಮುಟ್ಟಿದರೇ ಪಾಪವೇ?" ಎಂದು ಕೇಳುವವರುಂಟು. ಅಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು 2413ನೆಯ ಪರಿಚ್ಛೇದದಲ್ಲಿ ಈ ವಿಷಯವನ್ನು ಎತ್ತಿಕೊಳ್ಳುತ್ತದೆ. ಅದರ ಭಾವ ಹೀಗಿದೆ: ಅದೃಷ್ಟದಾಟವಾಗಲಿ ಪಣವಾಗಲಿ ತನ್ನಷ್ಟಕ್ಕೆ ನ್ಯಾಯಕ್ಕೆ ವಿರುದ್ಧವಲ್ಲ. ಆದರೆ ತನ್ನ ಮತ್ತು ತನ್ನವರ ಅಗತ್ಯಕ್ಕೆ ಬೇಕಾದುದನ್ನು ಅದು ಕಸಿದುಕೊಂಡಾಗ ನೈತಿಕವಾಗಿ ಒಪ್ಪತಕ್ಕದ್ದಲ್ಲ. ಜೂಜಿನ ಮೋಹ ಮನುಷ್ಯನನ್ನು ಗುಲಾಮನನ್ನಾಗಿ ಮಾಡುವ ಅಪಾಯವುಂಟು.

ಪವಿತ್ರ ಗ್ರಂಥದಲ್ಲಿ ಚೀಟು ಹಾಕಿದ ಎರಡು ಸಂದರ್ಭಗಳನ್ನು ಹೋಲಿಸಿ ನೋಡಿ. ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸುವಾಗ ಪ್ರೇಷಿತರು ಪ್ರಾರ್ಥಿಸಿ ಚೀಟು ಹಾಕಿದರು. ಶಿಲುಬೆಯ ಬುಡದಲ್ಲಿ ಸೈನಿಕರೂ ಚೀಟು ಹಾಕಿದರು. ಕ್ರಿಯೆ ಒಂದೇ. ಆದರೆ ಸೈನಿಕರು ಚೀಟು ಹಾಕಿದ್ದು ತಮ್ಮದಲ್ಲದ ಅಂಗಿಗಾಗಿ, ಅದರ ಒಡೆಯನು ಕಣ್ಣೆದುರೇ ಸಾಯುತ್ತಿರುವಾಗ.

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಇದೇ ಸೂಕ್ಷ್ಮವನ್ನು ವಿಚಾರ ಮಾಡಿದ್ದಾರೆ. ಮನಸ್ಸಿನ ದಣಿವಾರಿಸಲು ಆಟ ಬೇಕೆಂದು ಒಪ್ಪಿದ ದೊಡ್ಡ ತತ್ತ್ವಜ್ಞಾನಿ ಅವರು. ಆದರೆ ಜೂಜಿನಲ್ಲಿ ಗೆದ್ದ ಹಣದಿಂದ ದಾನ ಮಾಡಬಹುದೇ ಎಂಬ ಪ್ರಶ್ನೆ ಬಂದಾಗ ಅವರು ಕಟ್ಟುನಿಟ್ಟಾಗಿ ಬಿಡಿಸಿ ಹೇಳುತ್ತಾರೆ. ಅಪ್ರಾಪ್ತ ವಯಸ್ಕರು, ಬುದ್ಧಿಭ್ರಮಣೆಯುಳ್ಳವರು ಮುಂತಾಗಿ ತಮ್ಮ ಸ್ವತ್ತನ್ನು ಪರಭಾರೆ ಮಾಡುವ ಅಧಿಕಾರವಿಲ್ಲದವರಿಂದ ಗೆದ್ದದ್ದನ್ನೂ, ಲಾಭದಾಸೆಯಿಂದ ಇನ್ನೊಬ್ಬನನ್ನು ಆಟಕ್ಕೆಳೆದು ಗೆದ್ದದ್ದನ್ನೂ, ಮೋಸದಿಂದ ಗೆದ್ದದ್ದನ್ನೂ ಹಿಂದಿರುಗಿಸಬೇಕು.

ಮೊದಲನೆಯ ಮಾತನ್ನು ನಮ್ಮ ಮನೆಗಳಿಗೆ ಅನ್ವಯಿಸೋಣ. ರಾಮದುರ್ಗದ ನೇಕಾರನು ವಾರವಿಡೀ ಮಗ್ಗದ ಮುಂದೆ ಕುಳಿತು ಕೂಲಿ ತರುತ್ತಾನೆ. ಮಗ್ಗದ ಮುಂದೆ ಅವನೊಬ್ಬನೇ ಕುಳಿತಿರಬಹುದು. ಆದರೆ ಕಂಡಿಕೆ ಸುತ್ತಿದವಳು ಹೆಂಡತಿ, ಅಜ್ಜಿಯ ಕೈಗೂಸಾಗಿ ಬೆಳೆಯುತ್ತಿದೆ ಮಗು. ಸವದತ್ತಿಯ ಹೊಲದಲ್ಲಿ ಹತ್ತಿ ಬಿಡಿಸುವ ಕೈಗಳು ಬಹುತೇಕ ಹೆಂಗಸರವು. ಬಂದ ಕೂಲಿಯಲ್ಲಿ ಜೋಳದ ಪಾಲಿದೆ, ಶಾಲೆಯ ಪುಸ್ತಕದ ಪಾಲಿದೆ, ತಾಯಿಯ ಔಷಧದ ಪಾಲಿದೆ. ಆ ಹಣದ ಮೇಲೆ ಅವನಿಗೆ ಪೂರ್ಣ ಅಧಿಕಾರವೆಲ್ಲಿದೆ? ಅವನು ಅದರ ಒಡೆಯನಿಗಿಂತ ಹೆಚ್ಚಾಗಿ ಕಾವಲುಗಾರ.

ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. ಭಾರತದ ಕಥೆ ಕೇಳಿದವರೆಲ್ಲರೂ ಬಲ್ಲರು: ರಾಜ್ಯವನ್ನೂ ತಮ್ಮಂದಿರನ್ನೂ ಸೋತ ಧರ್ಮರಾಯ ತನ್ನನ್ನೇ ಸೋತು, ಆಮೇಲೆ ದ್ರೌಪದಿಯನ್ನು ಪಣಕ್ಕಿಟ್ಟ. ತನ್ನನ್ನು ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕೆಲ್ಲಿಯದು ಎಂದು ಅವಳು ಕೇಳಿದಾಗ ಭೀಷ್ಮನೂ ನೇರ ಉತ್ತರ ಕೊಡಲಾರದೆ ಹೋದ. ಜೂಜಿನ ಸಭೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಪಣಕ್ಕಿಡಲ್ಪಟ್ಟ ಹೆಂಡತಿ. ಇಂದಿಗೂ ಹಾಗೆಯೇ.

ಹಬ್ಬದ ಹೌಸಿ

ಇಲ್ಲಿ ಒಂದು ಆಕ್ಷೇಪಣೆ ಬರುವುದನ್ನು ಬಲ್ಲೆ. "ಧರ್ಮಕೇಂದ್ರದ ಹಬ್ಬದಲ್ಲಿ ಹೌಸಿ ಆಡಿಸುತ್ತೀರಿ, ಬಹುಮಾನದ ಚೀಟಿ ಮಾರುತ್ತೀರಿ, ನಮಗೆ ಮಾತ್ರ ಉಪದೇಶವೇ?" ಆಕ್ಷೇಪಣೆ ನ್ಯಾಯವಾದುದು, ಮುಚ್ಚಿಡುವಂತಹುದಲ್ಲ. ಹತ್ತು-ಇಪ್ಪತ್ತು ರೂಪಾಯಿಯ ಚೀಟಿ, ಎಲ್ಲರೆದುರು ಆಟ, ಸಾಲಕ್ಕೆ ಅವಕಾಶವಿಲ್ಲ, ಉಳಿದ ಹಣ ಎಲ್ಲಿಗೆ ಹೋಗುವುದೆಂಬುದು ಎಲ್ಲರಿಗೂ ಗೊತ್ತು. ಹೀಗಿರುವಾಗ ಅದು ಆಟದ ರೂಪದಲ್ಲಿ ಕೊಡುವ ಕಾಣಿಕೆಯಷ್ಟೇ. ಆದರೆ ಈ ನಾಲ್ಕು ಮಾತುಗಳಲ್ಲಿ ಒಂದು ತಪ್ಪಿದರೂ ದೇವಾಲಯದ ಅಂಗಳ ಜೂಜುಕಟ್ಟೆಯಾಗಲು ತಡವಾಗದು. ಆದುದರಿಂದ ಹಬ್ಬದ ಸಮಿತಿಗಳವರು ಬೆಲೆಯನ್ನು ಕಡಿಮೆ ಇಡಲಿ, ಲೆಕ್ಕವನ್ನು ಮುಂದಿನ ಭಾನುವಾರವೇ ಓದಿ ಹೇಳಲಿ, ಮಕ್ಕಳ ಕೈಗೆ ಚೀಟಿ ಮಾರದಿರಲಿ.

ಕಾನೂನು ಮತ್ತು ಮೊಬೈಲು

ಕಾನೂನು ಸುಮ್ಮನೆ ಕುಳಿತಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯಿದೆಯಡಿ ಜೂಜುಕಟ್ಟೆ ನಡೆಸುವುದು ಅಪರಾಧ. ರಾಜ್ಯದಲ್ಲಿ ಲಾಟರಿ 2007ರಲ್ಲಿ ನಿಂತಿತು. ಆನ್‌ಲೈನ್ ಜೂಜಿಗೆ ತಡೆಯೊಡ್ಡಿ 2021ರಲ್ಲಿ ರಾಜ್ಯವು ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರುವರಿ 14ರಂದು ಅಸಿಂಧುಗೊಳಿಸಿತು. ಆಮೇಲೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಆಡಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಆಡುವವನಿಗೆ ಶಿಕ್ಷೆಯಿಲ್ಲ, ಅವನು ಬಲಿಪಶುವೆಂಬುದು ಶಾಸನದ ದೃಷ್ಟಿ.

ಇತ್ತ ಘಟ್ಟ ಇಳಿದರೆ ಗೋವೆಯಲ್ಲಿ ಮಾಂಡೋವಿ ನದಿಯ ಮೇಲೆ ಕ್ಯಾಸಿನೊ ಹಡಗುಗಳು ದೀಪ ಬೆಳಗಿ ನಿಂತಿವೆ. ಗೋವೆಯ ಸರಕಾರವು ತನ್ನ ಜನರು ಕ್ಯಾಸಿನೊಗಳಲ್ಲಿ ಜೂಜಾಡದಂತೆ 2020ರ ಫೆಬ್ರುವರಿ 1ರಿಂದ ನಿರ್ಬಂಧ ಹಾಕಿತು. ತೆರಿಗೆ ಪಡೆಯುವ ಸರಕಾರವೇ ತನ್ನ ಮನೆಯವರನ್ನು ದೂರವಿಡುತ್ತದೆಯೆಂದರೆ, ನೆರೆಯ ಬೆಳಗಾವಿ ಜಿಲ್ಲೆಯ ನಾವು ಅದರ ಅರ್ಥವನ್ನು ತಿಳಿಯಬೇಡವೇ?

ಮನೆಯವರು ಮಾಡಬೇಕಾದುದು

ಹದಿನೇಳನೆಯ ಶತಮಾನದ ಕಥೋಲಿಕ ತತ್ತ್ವಜ್ಞಾನಿ ಪಾಸ್ಕಲ್ ಜೂಜಿನ ಗಣಿತವನ್ನೂ ಜೂಜುಗಾರನ ಮನಸ್ಸನ್ನೂ ಬಲ್ಲವನು. 1654ರಲ್ಲಿ ಅವನು ಫರ್ಮಾ ಎಂಬ ಗಣಿತಜ್ಞನೊಡನೆ ನಡೆಸಿದ ಪತ್ರವ್ಯವಹಾರದಿಂದ ಸಂಭವನೀಯತೆಯ ಗಣಿತವೇ ಆರಂಭವಾಯಿತು. ಆದರೆ ಅವನ ಇನ್ನೊಂದು ಕಾಣ್ಕೆ ನಮಗೆ ಹೆಚ್ಚು ಉಪಯುಕ್ತ. ಜೂಜುಗಾರನಿಗೆ ಗೆಲ್ಲಬಹುದಾದ ಹಣವನ್ನು ದಿನವೂ ಬೆಳಿಗ್ಗೆ ಸುಮ್ಮನೆ ಕೊಟ್ಟು ಆಡಬೇಡವೆಂದರೆ ಅವನಿಗೆ ಸುಖವಿರದು. ಹಣವಿಲ್ಲದೆ ಬರಿದೆ ಆಡೆಂದರೂ ಬೇಸರಪಡುತ್ತಾನೆ. ಅವನಿಗೆ ಬೇಕಾದುದು ತನ್ನನ್ನು ತಾನು ಮರೆಯುವ ಉದ್ವೇಗ. ಬೈದರೆ, ಹಣ ಕಸಿದರೆ ಮಾತ್ರ ರೋಗ ವಾಸಿಯಾಗದಿರುವುದು ಇದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ರೋಗಗಳ ಪಟ್ಟಿಯಲ್ಲಿ ಜೂಜಿನ ವ್ಯಸನವನ್ನು ಸೇರಿಸಿದೆ.

ಮಾತು ಮಾತಿಗೆ ಸುಳ್ಳು, ಕೂಲಿಯ ದಿನ ತಡವಾಗಿ ಮನೆಗೆ ಬರುವುದು, ಒಡವೆ ಕಾಣೆಯಾಗುವುದು, ರಾತ್ರಿಯೆಲ್ಲ ಮೊಬೈಲು ಹಿಡಿದು ಕೂಡುವುದು, ಗೊತ್ತಿಲ್ಲದವರು ಸಾಲ ಕೇಳಿ ಬಾಗಿಲಿಗೆ ಬರುವುದು — ಇಂತಹ ಲಕ್ಷಣಗಳು ಕಂಡಾಗ ಮನೆಯವರು ಮರ್ಯಾದೆಗಂಜಿ ಮುಚ್ಚಿಡಬಾರದು. ಮುಚ್ಚಿಟ್ಟಷ್ಟೂ ಸಾಲ ಬೆಳೆಯುತ್ತದೆ. ಮಗನ ಸಾಲವನ್ನು ತಂದೆ ಗುಟ್ಟಾಗಿ ತೀರಿಸುತ್ತ ಹೋದರೆ ಅದು ಕರುಣೆಯೆಂದು ತೋರಬಹುದು. ಫಲದಲ್ಲಿ ಅದು ಮುಂದಿನ ಪಣಕ್ಕೆ ಬಂಡವಾಳ. ಇನ್ನೊಂದು ವಿಷಯ ನಮ್ಮ ತಾಯಂದಿರಿಗೆ ತಿಳಿದಿರಲಿ: 1872ರ ಭಾರತೀಯ ಕರಾರು ಕಾಯಿದೆಯ 30ನೆಯ ಕಲಮಿನ ಪ್ರಕಾರ ಪಣದ ಕರಾರು ಅಸಿಂಧು. ಪಣದಲ್ಲಿ ಗೆದ್ದೆನೆಂದು ಹೇಳಿಕೊಳ್ಳುವ ಹಣವನ್ನು ಯಾರೂ ದಾವೆ ಹೂಡಿ ವಸೂಲಿ ಮಾಡಲಾಗದು. ಹೊಲದ ಕಾಗದ ಕೊಡಿರೆಂದು ಹೆದರಿಸುವವನಿಗೆ ಹೆದರಬೇಕಾಗಿಲ್ಲ. ಆದರೆ ಸೊಸೈಟಿಯಿಂದ, ಸ್ವಸಹಾಯ ಸಂಘದಿಂದ ಪಡೆದ ಸಾಲ ಹಾಗಲ್ಲ, ಅದನ್ನು ತೀರಿಸಲೇಬೇಕು.

ಕೂಲಿಯ ಹಣ ಮನೆಗೆ ಬಂದ ದಿನವೇ ಗಂಡಹೆಂಡಿರು ಕೂಡಿ ಕುಳಿತು ಪಾಲು ಮಾಡಲಿ. ನಾಲ್ಕೂ ಊರುಗಳ ನಮ್ಮ ಯುವಕರಿಗೆ ಸಂಜೆಯ ಹೊತ್ತು ಚೆಂಡು ಸಿಗಲಿ, ಭಜನೆ ಸಿಗಲಿ, ಪುಸ್ತಕ ಸಿಗಲಿ; ಬರಿದಾದ ಸಂಜೆಯನ್ನು ಚೀಟಿ ಬರೆಯುವವನಿಗೆ ಬಿಟ್ಟುಕೊಡುವುದು ಬೇಡ. ವ್ಯಸನ ಬಲಿತಿದ್ದರೆ ಪಾಪನಿವೇದನೆಯೊಂದೇ ಸಾಲದು, ವೈದ್ಯರೂ ಬೇಕು. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಕಿತ್ತೂರಿನಿಂದ ಹೆದ್ದಾರಿಯಲ್ಲಿ ಹೆಚ್ಚು ದೂರವಿಲ್ಲ. 'ಟೆಲಿಮಾನಸ್' ಎಂಬ ಸರಕಾರಿ ಸಹಾಯವಾಣಿಯ 14416 ಸಂಖ್ಯೆಗೆ ಮನೆಯಿಂದಲೇ ದೂರವಾಣಿ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ರೋಗವೆಂದು ಒಪ್ಪಿಕೊಳ್ಳುವುದು ಅವಮಾನವಲ್ಲ.

ಸೋತು ಮನೆಗೆ ಬಂದವನನ್ನು ಬಾಗಿಲಲ್ಲೇ ನಿಲ್ಲಿಸಬೇಡಿ. ಪ್ರಭುವಿನ ಸಾಮತಿಯಲ್ಲಿ ಆಸ್ತಿ ಕಳೆದು ಬಂದ ಮಗನನ್ನು ತಂದೆ ದೂರದಿಂದಲೇ ಕಂಡು ಓಡಿಹೋಗಿ ಅಪ್ಪಿಕೊಂಡನು. ಆ ತಂದೆ ಮಗನಿಗೆ ನಿಲುವಂಗಿಯನ್ನೂ ಉಂಗುರವನ್ನೂ ಊಟವನ್ನೂ ಕೊಟ್ಟನು. ಕಳೆಯಲು ಮತ್ತೊಂದು ಪಾಲು ಆಸ್ತಿಯನ್ನು ಕೊಟ್ಟನೆಂದು ಎಲ್ಲಿಯೂ ಬರೆದಿಲ್ಲ. ಪ್ರೀತಿಯನ್ನು ಪೂರ್ತಿಯಾಗಿ ಕೊಡಿ. ಹಣದ ಪೆಟ್ಟಿಗೆಯ ಕೀಲಿ ಕೆಲವು ಕಾಲ ತಾಯಿಯ ಸೆರಗಿನಲ್ಲಿರಲಿ.